ಸಿಸ್ಟರ್‌ಗೂ ಒಬ್ಬಳು ಅಕ್ಕ ಬೇಕು

ಟೀಮ್ ಲೀಡ್ ಆದ ದಿನ ಆಫೀಸಿನಲ್ಲಿ ನನಗೆ ಮೂರು ಕೊಟ್ಟರು. ಹೊಸ ಲ್ಯಾಪ್‌ಟಾಪ್, ಜನರನ್ನ ಹೇಗೆ ನಿಭಾಯಿಸಬೇಕು ಅಂತ ಎರಡು ದಿನದ ಕ್ಲಾಸು, ಜೊತೆಗೊಬ್ಬ ಮೆಂಟರ್. ಹದಿನೈದು ದಿನಕ್ಕೊಮ್ಮೆ ಆಕೆ ಜೊತೆ ಕೂತು ಕಾಫಿ ಕುಡೀಬೇಕು, ಕಷ್ಟಸುಖ ಹೇಳ್ಕೋಬೇಕು. ನನ್ನ ಕೆಳಗೆ ಇದ್ದವರು ನಾಲ್ಕು ಜನ. ನಾನು ತಪ್ಪು ಮಾಡಿದರೆ ಆಗೋ ಅತಿ ದೊಡ್ಡ ಅನಾಹುತ ಅಂದ್ರೆ ಒಂದು ರಿಲೀಸು ಒಂದು ವಾರ ತಡ ಆಗೋದು.

ಹೆಚ್ಚೂಕಮ್ಮಿ ಅದೇ ತಿಂಗಳು ಕೊಪ್ಪಳದ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಚಿಕ್ಕಮ್ಮನ ಮಗಳು ಸಮುದಾಯ ಆರೋಗ್ಯ ಅಧಿಕಾರಿಯಾಗಿ, ಅಂದ್ರೆ ಸಿ.ಎಚ್.ಒ. ಆಗಿ, ಕೆಲಸಕ್ಕೆ ಸೇರಿದಳು. ವಯಸ್ಸು 25. ಓದಿದ್ದು ಬಿ.ಎಸ್ಸಿ. ನರ್ಸಿಂಗ್. ಅವಳಿಗೂ ಮೂರು ಸಿಕ್ಕಿತು. ಒಂದು ಬೀಗದ ಕೈ ಗೊಂಚಲು, ಒಂದು ಟ್ಯಾಬು, ಹಿಂದಿನವರು ಅರ್ಧ ತುಂಬಿಸಿ ಬಿಟ್ಟುಹೋದ ರಿಜಿಸ್ಟರುಗಳ ಕಟ್ಟು. ಅವಳ ತಂಡದಲ್ಲಿ ಒಬ್ಬರು ಎ.ಎನ್.ಎಂ., ಐದು ಜನ ಆಶಾ ಕಾರ್ಯಕರ್ತೆಯರು. ಎಲ್ಲರೂ ಅವಳಿಗಿಂತ ದೊಡ್ಡವರು. ಎ.ಎನ್.ಎಂ. ಅವರ ಸರ್ವೀಸೇ ಇವಳ ವಯಸ್ಸಿಗಿಂತ ಎರಡು ವರ್ಷ ಜಾಸ್ತಿ. ಇವಳು ತಪ್ಪು ಮಾಡಿದರೆ ಏನಾಗುತ್ತೆ ಅನ್ನೋದನ್ನ ಬಿಡಿಸಿ ಹೇಳಬೇಕಿಲ್ಲ.

ಈ ಎರಡು ಪಟ್ಟಿಗಳನ್ನ ಪಕ್ಕಪಕ್ಕ ಇಟ್ಟು ನೋಡಿದಾಗಿಂದ ನನಗೊಂದು ಮಾತು ತಲೆಯಲ್ಲಿ ಕೊರೀತಿದೆ. ನಮ್ಮ ಪ್ರಾಥಮಿಕ ಆರೋಗ್ಯ ವ್ಯವಸ್ಥೆ ನರ್ಸ್‌ಗಳನ್ನ ಸದ್ದಿಲ್ಲದೆ ಮ್ಯಾನೇಜರ್ ಮಾಡಿಬಿಟ್ಟಿದೆ. ಆದರೆ ಆ ಕೆಲಸವನ್ನ ಪಕ್ಕದಲ್ಲಿ ಕೂತು ಹೇಳಿಕೊಡೋ ಒಬ್ಬ ಮನುಷ್ಯರನ್ನ ಕೊಟ್ಟಿಲ್ಲ. 'ಕೊಟ್ಟಿದ್ದೇವಲ್ಲ, ಮೇಲ್ವಿಚಾರಣೆ ಇದೆಯಲ್ಲ' ಅನ್ನುವವರಿದ್ದಾರೆ. ನನ್ನ ತಕರಾರು ಇರೋದೇ ಅಲ್ಲಿ.

ಮೊದಲು ಈ ಹುದ್ದೆ ಏನು ಅಂತ ಹೇಳ್ತೀನಿ, ಯಾಕಂದ್ರೆ ಬೆಂಗಳೂರಿನ ನಮ್ಮಂಥವರಿಗೆ ಆಸ್ಪತ್ರೆ ಅಂದ್ರೆ ಲಿಫ್ಟು, ಟೋಕನ್ನು, ಇನ್ಶೂರೆನ್ಸ್ ಕೌಂಟರು. 2018ರಲ್ಲಿ ಆಯುಷ್ಮಾನ್ ಭಾರತ್ ಶುರುವಾದಾಗ ಅದಕ್ಕೆ ಎರಡು ಕಾಲು ಇದ್ದವು. ಒಂದು ವಿಮೆ. ಅದು ನಮಗೆಲ್ಲ ಗೊತ್ತು. ಇನ್ನೊಂದು, ಹಳ್ಳಿಯ ಉಪಕೇಂದ್ರಗಳನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನೂ ಮೇಲ್ದರ್ಜೆಗೆ ಏರಿಸಿ, ದೇಶದ ತುಂಬ ಒಂದೂವರೆ ಲಕ್ಷ ಆರೋಗ್ಯ ಮತ್ತು ಕ್ಷೇಮ ಕೇಂದ್ರ ಮಾಡೋದು. 2023ರಲ್ಲಿ ಇವುಗಳ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬದಲಾಯ್ತು. ಬಯಲುಸೀಮೆಯಲ್ಲಿ ಸುಮಾರು 5,000 ಜನಕ್ಕೆ ಒಂದು ಉಪಕೇಂದ್ರ. ಅಲ್ಲಿ ಡಾಕ್ಟರ್ ಇರಲ್ಲ. ಇರೋದು ಸಿ.ಎಚ್.ಒ. ನರ್ಸಿಂಗ್ ಓದಿದವರಿಗೆ ಸಮುದಾಯ ಆರೋಗ್ಯದಲ್ಲಿ ಆರು ತಿಂಗಳ ಹೆಚ್ಚುವರಿ ಕೋರ್ಸು ಮಾಡಿಸಿ ಅಲ್ಲಿಗೆ ಕಳಿಸೋದು ಅಂತ ಶುರುವಾದ ವ್ಯವಸ್ಥೆ ಇದು.

ಇದೇನು ಕೆಟ್ಟ ಆಲೋಚನೆ ಅಲ್ಲ. ಮೂವತ್ತು ದಾಟಿದವರ ಬಿ.ಪಿ., ಶುಗರ್ ನೋಡೋಕೆ ಡಾಕ್ಟರೇ ಬೇಕಿಲ್ಲ. ಔಷಧಿ ನಿಲ್ಲಿಸದ ಹಾಗೆ ನೋಡ್ಕೊಳ್ಳೋಕೆ, ಗರ್ಭಿಣಿಯರ ಲೆಕ್ಕ ಇಡೋಕೆ, ಯಾರನ್ನ ಯಾವಾಗ ದೊಡ್ಡಾಸ್ಪತ್ರೆಗೆ ಕಳಿಸಬೇಕು ಅಂತ ನಿರ್ಧರಿಸೋಕೆ ಒಳ್ಳೆ ನರ್ಸ್ ಸಾಕು. ದಕ್ಷಿಣ ಆಫ್ರಿಕಾದಲ್ಲಿ ಪ್ರಾಥಮಿಕ ಕ್ಲಿನಿಕ್ಕುಗಳನ್ನ ನಡೆಸೋದೇ ನರ್ಸ್‌ಗಳು. ಅಲ್ಲಿ ಆ ಕೆಲಸಕ್ಕೆ ಆಪರೇಷನಲ್ ಮ್ಯಾನೇಜರ್ ಅಂತ ಒಂದು ಹುದ್ದೆ, ಒಂದು ಹೆಸರು ಇದೆ. ನಮ್ಮಲ್ಲಿ ಕೆಲಸ ಇದೆ, ಹೆಸರಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡ್ಯೂಟಿ ಪಟ್ಟಿ ಹಾಕೋದು, ಇಂಡೆಂಟ್ ಬರೆಯೋದು, ಹೆರಿಗೆ ಕೋಣೆಯ ಸಾಮಾನು ಎಣಿಸೋದು ಸೀನಿಯರ್ ಸಿಸ್ಟರ್ ಪಾಲಿಗೆ ಬರುತ್ತೆ. ಕಾಗದದ ಮೇಲೆ ಯಜಮಾನಿಕೆ ಇರೋದು ಆಡಳಿತ ವೈದ್ಯಾಧಿಕಾರಿಗೆ. ಉಪಕೇಂದ್ರದಲ್ಲಂತೂ ಈ ಹುಡುಗಿಯೇ ಎಲ್ಲ.

ಈಗ ಕತೆಗೆ ಬರ್ತೀನಿ. ಸೇರಿದ ಮೂರನೇ ತಿಂಗಳು ಎಂಟು ತಿಂಗಳ ಗರ್ಭಿಣಿಯೊಬ್ಬಳು ಕೇಂದ್ರಕ್ಕೆ ಬಂದಳು. ತಲೆನೋವು ಅಂದಳು. ನನ್ನ ತಂಗಿ ಬಿ.ಪಿ. ನೋಡಿದರೆ 150/100. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದಳು. ಅಷ್ಟೇ ಇದೆ. ತಾಯಿ ಕಾರ್ಡು ತೆಗೆದರೆ ಹಿಂದಿನ ಮೂರು ತಪಾಸಣೆಯಲ್ಲೂ 120/80. ರಿಜಿಸ್ಟರ್ ತಿರುವಿದಳು. ಆ ತಿಂಗಳು ಆ ಊರಿನ ಎಲ್ಲ ಗರ್ಭಿಣಿಯರದ್ದೂ 120/80, ನಡುನಡುವೆ ಬೇಜಾರಾದಾಗ ಒಂದೊಂದು 110/70. ಗರ್ಭಿಣಿಯನ್ನ 108ರಲ್ಲಿ ತಾಲ್ಲೂಕು ಆಸ್ಪತ್ರೆಗೆ ಕಳಿಸಿದಳು. ತಾಯಿ ಮಗು ಇಬ್ಬರೂ ಉಳಿದರು. ಆದರೆ ಆ ರಾತ್ರಿ ನನಗೆ ಫೋನ್ ಬಂತು.

"ಅಕ್ಕಾ, ನೀ ಮ್ಯಾನೇಜರ್ ಅದಿಯಲ್ಲ, ಹೇಳು. ನಾ ಈಗ ಅಕ್ಕೋರಿಗೆ ಏನಂತ ಕೇಳ್ಲಿ?"

ಡಾಕ್ಟರಿಗೆ ಹೇಳು ಅಂದೆ. "ಹೇಳಿದ್ರ ನೋಟಿಸ್ ಕೊಡ್ತಾರ. ಆಮ್ಯಾಲೆ ಅಕಿ ನನ್ನ ಕೂಡ ಮಾತಾಡಂಗಿಲ್ಲ. ಅಕಿ ಇಲ್ದ ನನಗ ಈ ಊರಾಗ ಒಂದು ಮನಿ ಬಾಗ್ಲಾನೂ ತೆಗಿಯಂಗಿಲ್ಲ." ಹಾಗಾದ್ರೆ ಮೇಲ್ವಿಚಾರಣೆಗೆ ಬರ್ತಾರಲ್ಲ, ಅವರಿಗೆ ಹೇಳು ಅಂದೆ. ಅದಕ್ಕವಳು ಹೇಳಿದ ಮಾತು ನನಗೆ ಇನ್ನೂ ನೆನಪಿದೆ. "ಅವ್ರ್ ಬರ್ತಾರ, ರಿಜಿಸ್ಟರ್ ನೋಡ್ತಾರ, ಸಹಿ ಮಾಡ್ತಾರ, ಚಾ ಕುಡೀತಾರ, ಹೋಗ್ತಾರ. ಆ 120/80ರ ಕೆಳಗೂ ಅವ್ರದ ಸಹಿ ಐತಿ ಅಕ್ಕಾ."

ನಾನು ಆಫೀಸಿನ ಕ್ಲಾಸಿನಲ್ಲಿ ಕಲಿತಿದ್ದನ್ನ ಒಪ್ಪಿಸಿದೆ. ಮೊದಲು ಹೊಗಳು, ನಡುವೆ ತಪ್ಪು ಹೇಳು, ಕೊನೆಗೆ ಮತ್ತೆ ಹೊಗಳು. ಪಾಪ, ಹಾಗೇ ಮಾಡಿದಳು. ಆ ಹೆಂಗಸು ಪೂರ್ತಿ ಕೇಳಿಸಿಕೊಂಡು, "ನಿನ್ನಷ್ಟು ಓದಿಲ್ಲವ್ವಾ ನಾನು. ಆದ್ರ ನೀ ಹುಟ್ಟೂಕಿಂತ ಮೊದ್ಲಿಂದ ಹೆರಿಗಿ ಮಾಡಸ್ಲಿಕತ್ತೀನಿ" ಅಂದು ಬ್ಯಾಗು ಎತ್ತಿಕೊಂಡು ಹೊರಟುಹೋದರಂತೆ. ಒಂದು ವಾರ ಮಾತಿಲ್ಲ.

ದಾರಿ ತೋರಿಸಿದ್ದು ತಾಲ್ಲೂಕು ಕೇಂದ್ರದಲ್ಲಿರೋ ಒಬ್ಬ ನಿವೃತ್ತ ಸ್ಟಾಫ್ ನರ್ಸ್. ಮೂವತ್ತು ವರ್ಷಕ್ಕೂ ಹೆಚ್ಚು ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದವರು. ಕತೆಯೆಲ್ಲ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು. "ಅಕಿ ಬಿ.ಪಿ. ಮಷೀನು ಕೈಯಾಗ ಹಿಡದು ನೋಡಿಯೇನು?"

ನೋಡಿರಲಿಲ್ಲ. ನೋಡಿದಾಗ ಗೊತ್ತಾಯ್ತು, ತೋಳಿಗೆ ಸುತ್ತೋ ಪಟ್ಟಿಯಲ್ಲಿ ಗಾಳಿ ನಿಲ್ಲುತ್ತಿರಲಿಲ್ಲ. ಎಂಟು ತಿಂಗಳಿಂದ. ಎರಡು ಸಲ ಇಂಡೆಂಟ್ ಬರೆದು ಕೊಟ್ಟಿದ್ದರು. ಬಂದಿರಲಿಲ್ಲ. ಕಾಲಂ ಖಾಲಿ ಬಿಟ್ಟರೆ ಮೀಟಿಂಗಿನಲ್ಲಿ ಎಲ್ಲರ ಮುಂದೆ ಬೈಗುಳ. ತುಂಬಿಸಿದರೆ ಯಾರೂ ಏನೂ ಕೇಳಲ್ಲ. ಆಕೆ ತುಂಬಿಸಿದರು.

ಇದರಿಂದ ಆಕೆಯ ತಪ್ಪು ತಪ್ಪಲ್ಲ ಅಂತ ಆಗಲ್ಲ. ಗರ್ಭಿಣಿಯರಲ್ಲಿ ಬಿ.ಪಿ. ಏರಿ ಫಿಟ್ಸ್ ಬಂದರೆ ಎರಡು ಜೀವ ಹೋಗಬಹುದು. ಇಪ್ಪತ್ತೇಳು ವರ್ಷ ಸರ್ವೀಸು ಮಾಡಿದವರಿಗೆ ಅದು ಗೊತ್ತಿಲ್ಲದೆ ಇರಲ್ಲ. ಸುಳ್ಳು ಅಂಕಿ ಬರೆಯೋದಕ್ಕಿಂತ ಬೈಸಿಕೊಳ್ಳೋದು ಮೇಲಾಗಿತ್ತು. ಆದರೆ ಪ್ರಶ್ನೆ ಇದು. ಆ ಒಂದು ಮಷೀನನ್ನ ಕೈಯಲ್ಲಿ ಹಿಡಿದು ನೋಡೋಕೆ ಎಂಟು ತಿಂಗಳಲ್ಲಿ ಯಾರಿಗೂ ಯಾಕೆ ತೋಚಲಿಲ್ಲ? ಸಹಿ ಮಾಡಿದವರಿಗೆ ತೋಚಲಿಲ್ಲ. ನೋಟಿಸ್ ಕೊಡಬಲ್ಲವರಿಗೆ ತೋಚಲಿಲ್ಲ. ಸರ್ಟಿಫಿಕೇಟ್ ಇಟ್ಟುಕೊಂಡ ನನಗೂ ತೋಚಲಿಲ್ಲ. ತೋಚಿದ್ದು ಅದೇ ಮೇಜಿನ ಹಿಂದೆ ನಿಂತು, ಅದೇ ಕಾಲಂ ತುಂಬಿಸಿ, ಅದೇ ಬೈಗುಳ ತಿಂದವರಿಗೆ. ಮೆಂಟರ್ ಅನ್ನೋ ಪದಕ್ಕೆ ನನಗೆ ಸಿಕ್ಕ ಅರ್ಥ ಇಷ್ಟೇ.

ಇದು ಒಂದು ಹಳ್ಳಿಯ ಕತೆ, ಇದರಿಂದ ಏನು ಸಾಬೀತಾಗುತ್ತೆ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ, ನಮಗೆ ಮರೆತುಹೋಗಿದೆ ಅಷ್ಟೆ.

ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ತಾಯಿ-ಮಗುವಿನ ಆರೋಗ್ಯಕ್ಕಾಗಿ 'ಸುಕ್ಷೇಮ' ಅಂತ ಒಂದು ಯೋಜನೆ ನಡೀತು. ಅದರಲ್ಲಿ ಬಳ್ಳಾರಿ, ಗುಲ್ಬರ್ಗ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನ, ಅಂದ್ರೆ ದಿನದ 24 ಗಂಟೆಯೂ ತೆರೆದಿರೋ ಕೇಂದ್ರಗಳನ್ನ, ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಎರಡೂ ಪಾಲಿನ ನರ್ಸ್‌ಗಳಿಗೂ ಶುರುವಿನಲ್ಲಿ ಒಂದೇ ತರಬೇತಿ ಕೊಟ್ಟರು. ಎರಡಕ್ಕೂ ಹೆರಿಗೆಯ ಪ್ರತಿ ಹಂತವನ್ನೂ ನೆನಪಿಸೋ ಒಂದೇ ಥರದ ಕೇಸ್ ಶೀಟ್ ಕೊಟ್ಟರು. 54 ಕೇಂದ್ರಗಳಿಗೆ ಅಷ್ಟೇ. ಉಳಿದ 54ಕ್ಕೆ ಮಾತ್ರ ಇನ್ನೊಂದು ಸೇರಿಸಿದರು. ನರ್ಸ್ ಮೆಂಟರ್ ಒಬ್ಬರು ಕೇಂದ್ರಕ್ಕೇ ಹೋಗಿ ಅಲ್ಲಿಯ ನರ್ಸ್‌ಗಳ ಜೊತೆ ಕೆಲಸ ಮಾಡೋದು. ಒಟ್ಟು ಆರು ಭೇಟಿ. ಏಪ್ರಿಲ್ 2012ರಲ್ಲಿ ಒಮ್ಮೆ, ಆಗಸ್ಟ್ 2013ರಲ್ಲಿ ಇನ್ನೊಮ್ಮೆ ಅಳೆದು ನೋಡಿದರು. ಮೆಂಟರ್ ಹೋಗಿದ್ದ ಕಡೆ ನರ್ಸ್‌ಗಳ ತಿಳಿವಳಿಕೆ ಹೆಚ್ಚಿತ್ತು. ಅದು ನಿರೀಕ್ಷೆ ಮಾಡಿದ್ದೇ. ನನ್ನ ಗಮನ ಸೆಳೆದಿದ್ದು ಇನ್ನೊಂದು: ಅಲ್ಲಿ ಕೇಂದ್ರಗಳೇ ಹೆಚ್ಚು ಸಜ್ಜಾಗಿದ್ದವು. ಬೇಕಾದ ಔಷಧಿ, ಸಾಮಾನು ಇರಬೇಕಾದ ಜಾಗದಲ್ಲಿ ಇದ್ದವು.

ಇದನ್ನ ಸ್ವಲ್ಪ ನಿಧಾನವಾಗಿ ಯೋಚನೆ ಮಾಡಿ. ಫಿಟ್ಸ್ ತಡೆಯೋಕೆ ಮ್ಯಾಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಕೊಡಬೇಕು ಅಂತ ತರಬೇತಿಯಲ್ಲಿ ಹೇಳಿಕೊಡಬಹುದು. ನರ್ಸ್ ಅದನ್ನ ಬಾಯಿಪಾಠ ಮಾಡಬಹುದು. ಆದರೆ ಆ ರಾತ್ರಿ ಕಪಾಟಿನಲ್ಲಿ ಅದು ಇಲ್ಲದಿದ್ದರೆ? ಕಪಾಟಿಗೆ ಅದು ಬರಬೇಕು ಅಂದ್ರೆ ಯಾರೋ ಎಣಿಸಬೇಕು, ಖಾಲಿಯಾಗೋ ಮೊದಲು ಬರೆಯಬೇಕು, ಬರದಿದ್ದರೆ ಬೆನ್ನು ಹತ್ತಬೇಕು. ಇದಕ್ಕೆ ಮ್ಯಾನೇಜ್‌ಮೆಂಟ್ ಅಂತಲೇ ಹೆಸರು. ಮೆಂಟರ್‌ಗಳು ಹೆರಿಗೆ ಪಾಠ ಮಾತ್ರ ಹೇಳಿ ಬರಲಿಲ್ಲ. ಕೇಂದ್ರದ ಎಲ್ಲರನ್ನೂ ಕೂರಿಸಿ ಏನಿಲ್ಲ, ಏನು ಮಾಡಬಹುದು ಅಂತ ಪಟ್ಟಿ ಮಾಡಿಸಿದರು. ಮುಂದಿನ ಭೇಟಿಯಲ್ಲಿ ಅದೇ ಪಟ್ಟಿ ಹಿಡಿದು ಕೇಳಿದರು. ಒಂದು ದಿನ ಬಂದು ಹೋಗುವವರಿಂದ ಇದಾಗಲ್ಲ. ತಿರುಗಿ ಬರ್ತಾರೆ ಅನ್ನೋ ಖಾತ್ರಿ ಇದ್ದರೆ ಮಾತ್ರ ಆಗುತ್ತೆ.

ಮುಂದೆ ಬಿಹಾರ, ಉತ್ತರ ಪ್ರದೇಶಗಳಲ್ಲೂ ನರ್ಸ್ ಮೆಂಟರ್‌ಗಳ ಪ್ರಯೋಗ ನಡೀತು. ಆದರೆ ನಾವು ಇದರಿಂದ ಕಲಿತ ಪಾಠವನ್ನ 'ಹೆರಿಗೆ' ಅನ್ನೋ ಫೈಲಿಗೆ ಹಾಕಿ ಮುಚ್ಚಿಟ್ಟೆವು. 'ಆಡಳಿತ' ಅನ್ನೋ ಫೈಲಿಗೆ ಹಾಕಬೇಕಿತ್ತು. ಅಷ್ಟೊಂದು ಸಿ.ಎಚ್.ಒ.ಗಳನ್ನ ಹಳ್ಳಿಗಳಿಗೆ ಕಳಿಸುವಾಗ ಕಟ್ಟಡಕ್ಕೆ ಯಾವ ಬಣ್ಣ ಬಳಿಯಬೇಕು ಅಂತ ಯೋಚಿಸಿದವರು, ಆ ಹುಡುಗಿ ತನ್ನ ತಾಯಿಯ ವಯಸ್ಸಿನವರಿಗೆ ಹೇಗೆ ಕೆಲಸ ಹೇಳ್ತಾಳೆ ಅಂತ ಅಷ್ಟೇ ಶ್ರದ್ಧೆಯಿಂದ ಯೋಚಿಸಿದ ಕುರುಹು ಅವಳ ಹಳ್ಳಿಯಲ್ಲಂತೂ ನನಗೆ ಕಾಣಲಿಲ್ಲ.

'ಡಾಕ್ಟರೇ ಮೆಂಟರ್ ಆಗಬಹುದಲ್ಲ' ಅನ್ನೋದು ಮೊದಲ ಆಕ್ಷೇಪ. ಒಳ್ಳೆ ಡಾಕ್ಟರುಗಳು ಹೇಳಿಕೊಡ್ತಾರೆ, ಇಲ್ಲ ಅನ್ನಲ್ಲ. ಆದರೆ ಎರಡು ತೊಡಕಿವೆ. ಯಾವ ಮಾತ್ರೆ, ಎಷ್ಟು ಡೋಸು ಅನ್ನೋದನ್ನ ಡಾಕ್ಟರ್ ಹೇಳಬಲ್ಲರು. ಆಶಾ ಕಾರ್ಯಕರ್ತೆಯರಿಬ್ಬರ ಜಗಳ ಬಿಡಿಸೋದು, ರಜೆ ಕೇಳಿದವರಿಗೆ ಇಲ್ಲ ಅನ್ನೋದು ಅವರು ಮಾಡದ ಕೆಲಸ. ಎರಡನೆಯದು ಇನ್ನೂ ದೊಡ್ಡದು. ಸಿ.ಎಚ್.ಒ. ಗುತ್ತಿಗೆ ನೌಕರಳು. ಅವಳ ಸಂಬಳದ ಒಂದು ಪಾಲು ಸಾಧನೆಯ ಅಂಕಿಗಳನ್ನ ನೋಡಿ ಬರುತ್ತೆ. ಆ ಅಂಕಿಗಳನ್ನ ಒಪ್ಪಬೇಕಾದವರ ಮುಂದೇನೇ 'ಸರ್, ನಮ್ಮ ಬಿ.ಪಿ. ಅಂಕಿಗಳೆಲ್ಲ ಸುಳ್ಳು' ಅಂತ ಯಾವ ಹುಡುಗಿ ಹೇಳ್ತಾಳೆ? ಅಂಕ ಕೊಡುವವರ ಮುಂದೆ ತಪ್ಪೊಪ್ಪಿಕೊಳ್ಳೋದು ನಮ್ಮ ಆಫೀಸುಗಳಲ್ಲೂ ನಡೆಯಲ್ಲ. ಅಪ್ರೈಸಲ್ ಬರೆಯೋ ಮ್ಯಾನೇಜರ್ ಬೇರೆ, ಮೆಂಟರ್ ಬೇರೆ ಅಂತ ಇಟ್ಟಿರೋದು ಅದಕ್ಕೇ.

'ಆನ್‌ಲೈನ್ ಮಾಡಬಹುದಲ್ಲ' ಅನ್ನೋದು ಎರಡನೆಯದು, ನಮ್ಮಂಥ ಟೆಕ್ಕಿಗಳಿಗೆ ಬಲು ಪ್ರಿಯವಾದದ್ದು. ಇದರಲ್ಲೂ ಸತ್ಯ ಇದೆ. ನಮ್ಮ ನಿಮ್ಹಾನ್ಸ್‌ನವರೇ ಎಕೋ ಅನ್ನೋ ಮಾದರಿ ಹಿಡಿದು, ವಿಡಿಯೋದಲ್ಲಿ ದೂರದ ಆರೋಗ್ಯ ಸಿಬ್ಬಂದಿಗೆ ಮಾನಸಿಕ ಆರೋಗ್ಯದ ಕೇಸುಗಳನ್ನ ಚರ್ಚಿಸಿ ಕಲಿಸ್ತಾರೆ. ರೋಗಿಯ ವಿಷಯ ಕಲಿಯೋಕೆ ಅದು ಒಳ್ಳೆ ದಾರಿ. ಆದರೆ ಐವತ್ತು ಮುಖಗಳಿರೋ ಪರದೆಯ ಮುಂದೆ 'ನಮ್ಮ ಅಕ್ಕೋರು ನನ್ನ ಮಾತು ಕೇಳ್ತಿಲ್ಲ' ಅಂತ ಹೇಳೋಕಾಗಲ್ಲ. ಆ ಐವತ್ತರಲ್ಲಿ ಅಕ್ಕೋರೂ ಇರಬಹುದು. ಮತ್ತೆ, ಪಟ್ಟಿಯಲ್ಲಿ ಗಾಳಿ ನಿಲ್ಲಲ್ಲ ಅನ್ನೋದು ಕ್ಯಾಮೆರಾದಲ್ಲಿ ಕಾಣಲ್ಲ.

ಮೂರನೆಯ ಆಕ್ಷೇಪ ನನ್ನದೇ. 'ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ' ಅಂತ ಗಾದೆ ಇದೆಯಲ್ಲ. ಹಿರಿಯ ನರ್ಸ್‌ಗಳೆಲ್ಲ ಒಳ್ಳೆ ಮೆಂಟರ್ ಆಗ್ತಾರೆ ಅಂತ ಏನೂ ಇಲ್ಲ. ಕಾಲಂ ಹೇಗೆ ತುಂಬಿಸಬೇಕು ಅಂತ ಇಪ್ಪತ್ತೇಳು ವರ್ಷದ ಅನುಭವವೂ ಹೇಳಿಕೊಟ್ಟೀತು. ಹೆರಿಗೆ ಕೋಣೆಯಲ್ಲಿ ಬೈಯೋದು, ಕೆನ್ನೆಗೆ ಹೊಡೆಯೋದು ಕೂಡ ಹಿರಿಯರಿಂದ ಕಿರಿಯರಿಗೆ ಬಂದ ವಿದ್ಯೆಯೇ. ಸುಕ್ಷೇಮದ ಮೆಂಟರ್‌ಗಳಿಗೂ ವಾರಗಟ್ಟಲೆ ತರಬೇತಿ ಕೊಟ್ಟೇ ಕಳಿಸಿದ್ದರು. ಸರ್ವೀಸು ಒಂದೇ ಅರ್ಹತೆ ಆದರೆ, ಮೆಂಟರಿಂಗ್ ಅಂದ್ರೆ ಚಾಳಿಯನ್ನ ದಾಟಿಸೋ ಪೈಪು ಆಗಿಬಿಡುತ್ತೆ.

ಹಾಗಾದ್ರೆ ಏನು ಬೇಕು? ನಾನು ಕೇಳ್ತಿರೋದು ಹೊಸ ಇಲಾಖೆಯಲ್ಲ, ಆಪ್ ಅಂತೂ ಅಲ್ಲವೇ ಅಲ್ಲ. ಪ್ರತಿ ತಾಲ್ಲೂಕಿನಲ್ಲಿ ಕೇಂದ್ರವನ್ನ ಚೆನ್ನಾಗಿ ನಡೆಸ್ತಿರೋ ಇಬ್ಬರು ಮೂವರು ನರ್ಸ್‌ಗಳು ಇದ್ದೇ ಇರ್ತಾರೆ. ಯಾರು ಅಂತ ಆ ತಾಲ್ಲೂಕಿಗೆಲ್ಲ ಗೊತ್ತಿರುತ್ತೆ. ಅವರಿಗೆ ತರಬೇತಿ ಕೊಟ್ಟು, ವಾರಕ್ಕೆ ಎರಡು ದಿನ ಸ್ವಂತ ಡ್ಯೂಟಿಯಿಂದ ಬಿಡುಗಡೆ ಮಾಡಿ, ಬಸ್ ಚಾರ್ಜು ಕೊಟ್ಟು, ಹೊಸಬರ ಹತ್ತಿರ ಕಳಿಸಿ. ಒಂದೇ ಕೇಂದ್ರಕ್ಕೆ ವರ್ಷದಲ್ಲಿ ಆರು ಸಲವಾದರೂ ಹೋಗಲಿ. ಅವರ ಕೈಯಿಂದ ಪೆನ್ನು ಕಿತ್ತುಕೊಳ್ಳಿ, ಅಂದ್ರೆ ಹೆಸರು ಹಿಡಿದು ವರದಿ ಬರೆಯೋ ಅಧಿಕಾರ ಅವರಿಗೆ ಬೇಡ. ರೋಗಿಯ ಜೀವಕ್ಕೆ ಅಪಾಯ ಕಂಡರೆ ಮಾತ್ರ ಮೇಲಕ್ಕೆ ಹೇಳಲಿ, ಅದನ್ನ ಮೊದಲೇ ಎಲ್ಲರಿಗೂ ತಿಳಿಸಿಡಿ. ಆದರೆ ಒಂದು ಅಧಿಕಾರ ಕೊಡಿ. ಅವರು ಕೇಳಿದ ಸಾಮಾನಿಗೆ ಇಷ್ಟು ದಿನದೊಳಗೆ ಉತ್ತರ ಬರಲೇಬೇಕು. ಎಂಟು ತಿಂಗಳ ಇಂಡೆಂಟನ್ನ ಮೆಂಟರ್ ಬಂದ ಮೇಲೂ ಕೇಳುವವರಿಲ್ಲ ಅಂದ್ರೆ, ಮೆಂಟರಿಂಗ್ ಅನ್ನೋದು ಬರೀ ಸಮಾಧಾನದ ಮಾತಾಗುತ್ತೆ.

ಯೋಜನೆ ಅಂತ ಮಾಡಬೇಡಿ ಅನ್ನೋದು ನನ್ನ ಕೊನೆಯ ಬೇಡಿಕೆ. ಯೋಜನೆ ಅಂದ್ರೆ ಅದಕ್ಕೊಂದು ಮುಗಿಯೋ ದಿನಾಂಕ ಇರುತ್ತೆ. ಹೊಸ ನರ್ಸ್‌ಗಳು ಬರೋದಕ್ಕೆ ಅಂಥ ದಿನಾಂಕ ಇಲ್ಲ.

ನನ್ನ ತಂಗಿಯ ಕೇಂದ್ರಕ್ಕೆ ಹೊಸ ಬಿ.ಪಿ. ಮಷೀನು ಬಂತು. ಆ ನಿವೃತ್ತ ಸಿಸ್ಟರ್ ಯಾರಿಗೋ ಫೋನ್ ಮಾಡಿದರು, ಬಂತು. ಬಂದ ದಿನ, ಸರಿ ಇದೆಯೋ ನೋಡೋಣ ಅಂತ ಮೊದಲು ಅಕ್ಕೋರ ತೋಳಿಗೇ ಸುತ್ತಿದಳಂತೆ. 156/98. ಅವರದನ್ನ ಅವರೇ ಯಾವತ್ತೂ ನೋಡಿಕೊಂಡಿರಲಿಲ್ಲ. ಈಗ ಮಾತ್ರೆ ತಗೋತಿದ್ದಾರೆ. ರಿಜಿಸ್ಟರಿನಲ್ಲಿ 118/76, 134/88 ಅಂತ ಬೇರೆಬೇರೆ ಅಂಕಿಗಳು ಬರೋಕೆ ಶುರುವಾಗಿವೆ. ಇಬ್ಬರ ನಡುವೆ ಎಲ್ಲ ಸರಿಹೋಗಿಲ್ಲ, ಆದರೆ ಮಾತಿದೆ.

ಆ ನಿವೃತ್ತ ಸಿಸ್ಟರ್‌ಗೆ ಈ ಕೆಲಸಕ್ಕೆ ಯಾರೂ ಸಂಬಳ ಕೊಡಲ್ಲ. ಮಂಡಿನೋವು ಬೇರೆ. ಎಷ್ಟು ದಿನ ಅಂತ ಫೋನ್ ಎತ್ತುತ್ತಾರೆ? ಹೋದ ವಾರ ನನ್ನ ತಂಗಿ ಮತ್ತೆ ಫೋನ್ ಮಾಡಿದ್ದಳು. ಹನ್ನೆರಡು ಕಿಲೋಮೀಟರ್ ಆಚೆಯ ಉಪಕೇಂದ್ರಕ್ಕೆ ಹೊಸ ಹುಡುಗಿ ಬಂದಿದ್ದಾಳಂತೆ. ದಿನಾ ರಾತ್ರಿ ಇವಳಿಗೇ ಫೋನು, ಅಳು. ಇವಳಿಗಿನ್ನೂ ಸರಿಯಾಗಿ ಎರಡು ವರ್ಷ ಸರ್ವೀಸು ಆಗಿಲ್ಲ.

"ಅಕ್ಕಾ, ಅಕಿಗೆ ನಾ ಏನ್ ಹೇಳ್ಲಿ?" ಅಂತ ಕೇಳಿದಳು. ಈ ಸಲ ನಾನು ಕ್ಲಾಸಿನ ಪಾಠ ಒಪ್ಪಿಸಲಿಲ್ಲ. ರಜೆ ದಿನ ಬಸ್ ಹತ್ತಿ ಹೋಗಿ ಅವಳ ಜೊತೆ ಕೂತ್ಕೋ ಅಂದೆ. ಹೋಗಿ ಬಂದಳು. ಬಸ್ ಚಾರ್ಜು ಅವಳೇ ಕೊಟ್ಕೊಂಡಳು.